ತಾರ್ಪೆಗೆ ಬೆನ್ನು ತೋರಿಸಬಾರದು

ಹೋದ ವರ್ಷದ ರಾಜ್ಯೋತ್ಸವಕ್ಕೆ ನಾಸಿಕದ ನಾವೊಂದಿಷ್ಟು ಕನ್ನಡ ಮನೆಯವರು ಮಕ್ಕಳಿಂದ ಕೋಲಾಟ ಆಡಿಸಿದೆವು. ಕಲಿಸಿದವಳು ನಾನೇ. ಹಾನಗಲ್ಲಿನಿಂದ ಬಂದಿದ್ದ ಅವ್ವ, “ಪದ ನಾ ಹೇಳ್ತೀನಿ” ಅಂದಳು. “ಸ್ಪೀಕರ್‌ನ್ಯಾಗ ಐತಿ, ನೀ ಕುಂತು ನೋಡವ್ವ” ಅಂದೆ. ಅವ್ವ ಹಿಂದಿನ ಸಾಲಿನಲ್ಲಿ ಹೋಗಿ ಕುಳಿತಳು. ಎಲ್ಲರ ಮುಖವೂ ವಿಡಿಯೊದಲ್ಲಿ ಕಾಣಲೆಂದು ಮಕ್ಕಳನ್ನು ಅರ್ಧ ವರ್ತುಲಕ್ಕೆ ನಿಲ್ಲಿಸಿದ್ದೆ. ಚೆಂದವೇ ಬಂತು.

ಅದಾಗಿ ಕೆಲವೇ ದಿನಕ್ಕೆ, ಭತ್ತದ ಸುಗ್ಗಿಯ ಹೊತ್ತಿಗೆ, ಸಹೋದ್ಯೋಗಿಯೊಬ್ಬರು ಪೇಠ್ ತಾಲ್ಲೂಕಿನ ತಮ್ಮ ಹಳ್ಳಿಗೆ ಕರೆದೊಯ್ದರು. ಅಲ್ಲಿ ತಾರ್ಪಾ ಕುಣಿತ ನೋಡಿದೆ. ತಾರ್ಪೆ ಎಂದರೆ ಒಣಗಿದ ಸೋರೆ ಬುರುಡೆ, ಬಿದಿರಿನ ಕೊಳವೆ, ತಾಳೆಗರಿ ಸೇರಿಸಿ ಮಾಡಿದ ಊದುವ ವಾದ್ಯ. ಊದುವವನು ನಡುವೆ. ವಾರ್ಲಿ ಜನ ಒಬ್ಬರ ಸೊಂಟ ಒಬ್ಬರು ಬಳಸಿ, ಹಾವಿನಂತೆ ಅವನ ಸುತ್ತ ಸುತ್ತುತ್ತಾರೆ. ಅವನು ಸ್ವರ ಬದಲಿಸಿದರೆ ಸಾಲೂ ದಿಕ್ಕು ಬದಲಿಸುತ್ತದೆ. ಚೀಲ, ಗೋಡೆಗಳ ಮೇಲೆ ನೀವು ನೋಡಿರುವ ವಾರ್ಲಿ ಚಿತ್ರದ ಸುರುಳಿ ಇದೇ. ಆ ಚಿತ್ರಕಲೆಯನ್ನು ಜಗತ್ತಿಗೆ ತೋರಿಸಿದ ಜೀವ್ಯಾ ಸೋಮ ಮಾಶೆಯವರಿಗೆ 2011ರಲ್ಲಿ ಪದ್ಮಶ್ರೀ ಬಂತು.

“ತಾರ್ಪೆಗೆ ಬೆನ್ನು ತೋರಿಸಬಾರದು” ಎಂದು ಸಹೋದ್ಯೋಗಿ ಹೇಳಿದರು. ಹಾಗಾಗಿ ನೋಡುತ್ತ ನಿಂತ ನನಗೆ ಕಂಡದ್ದು ಬರೀ ಬೆನ್ನುಗಳು. ಮುದುಕಿಯೊಬ್ಬಳು ಬಂದು ಸಾಲಿಗೆ ಸೇರಿದಳು, ಹುಡುಗನೊಬ್ಬ ನಿದ್ದೆ ಬಂತೆಂದು ಬಿಟ್ಟು ಹೋದ. ಯಾರೂ ಯಾರನ್ನೂ ಕೂತು ನೋಡು ಅನ್ನಲಿಲ್ಲ.

ಫೆಬ್ರುವರಿಯಲ್ಲಿ ಮಗಳ ಕಾಲೇಜಿನ ವಾರ್ಷಿಕೋತ್ಸವಕ್ಕೆ ಛತ್ರಪತಿ ಸಂಭಾಜಿನಗರಕ್ಕೆ ಹೋದೆ. ಇಲ್ಲಿನವರು ಅದಕ್ಕೆ ‘ಗ್ಯಾದರಿಂಗ್’ ಅನ್ನುತ್ತಾರೆ. ಅಲ್ಲಿಯೂ ತಾರ್ಪಾ ಕುಣಿತವಿತ್ತು. ಹುಡುಗಿಯರು ನಮಗೆ ಮುಖಮಾಡಿ, ಅರ್ಧ ವರ್ತುಲದಲ್ಲಿ ಕುಣಿದರು. ಸ್ವರ ಸ್ಪೀಕರಿನಿಂದ ಬರುತ್ತಿತ್ತು, ತಾರ್ಪೆ ಹಿಂದಿನ ಪರದೆಗೆ ಅಲಂಕಾರವಾಗಿ ತೂಗುತ್ತಿತ್ತು. ತಪ್ಪೆನ್ನಲು ನಾನ್ಯಾರು? ಆ ಮಕ್ಕಳು ಬೆವರು ಸುರಿಸಿ ಕಲಿತಿದ್ದರು. ಆದರೆ ಅಷ್ಟೂ ಜನ ತಾರ್ಪೆಗೆ ಬೆನ್ನು ಹಾಕಿ ನಿಂತದ್ದು ನೋಡಿದಾಗ ನನಗೆ ಹಿಂದಿನ ಸಾಲಿನ ಅವ್ವ ನೆನಪಾದಳು. ನಮ್ಮ ಕೋಲಾಟದ ತಾರ್ಪೆ ಅವಳೇ ಆಗಿದ್ದಳು. ಅವಳನ್ನು ಕೂರಿಸಿದವಳು ನಾನು.

ಬೇಸಿಗೆಯಲ್ಲಿ ಊರಿಗೆ ಹೋದಾಗ ಹೇಳಿದೆ: “ಈ ಸಲ ಪದ ನೀನ ಹೇಳಬೇಕವ್ವ.” ಅವ್ವ ಕೂಡಲೇ ಒಪ್ಪಲಿಲ್ಲ. “ದನಿ ಹೋಗೇತಿ” ಅಂದಳು. ಆದರೂ ಅಕ್ಟೋಬರ್ ಕೊನೆಗೆ ರೈಲು ಹತ್ತಿ ಬಂದಳು.

ಈ ನವೆಂಬರಿನಲ್ಲಿ ಅವ್ವನನ್ನು ನಡುವೆ ಕುರ್ಚಿ ಹಾಕಿ ಕೂರಿಸಿದೆವು. ಎರಡು ಕಡೆ ದನಿ ಒಡೆಯಿತು, ಒಂದು ಕಡೆ ಪದ ಮರೆತಳು. ಮಕ್ಕಳು ಕೋಲು ಎತ್ತಿ ಹಿಡಿದು, ನೆನಪಾಗುವ ತನಕ ಕಾದರು. ಕೊನೆಗೆ ನೋಡುತ್ತ ಕೂತಿದ್ದ ಇಬ್ಬರು ಅಜ್ಜಂದಿರೂ ಎದ್ದು ಬಂದು ಕೋಲು ಹಿಡಿದರು.

ವಿಡಿಯೊ ಕೇಳಬೇಡಿ. ಅದರಲ್ಲಿ ಬರೀ ಬೆನ್ನುಗಳಿವೆ.