ಪ್ಲಾಸ್ಟಿಕ್ ಕಸದ ಲೆಕ್ಕವೂ ಗ್ರಾಮಗಳ ಕರ್ತವ್ಯವೂ

ಮಧುಗಿರಿ, ಸಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಗ್ರಾಮ ಮುಖಂಡರಿಗೂ ಜಮೀನುದಾರರಿಗೂ ಲೆಕ್ಕದ ಬೆಲೆಯನ್ನು ಹೊಸದಾಗಿ ತಿಳಿಸಬೇಕಾದುದಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಇವೆಲ್ಲವೂ ಪಹಣಿಯಲ್ಲಿ ಒಂದೇ ಕ್ರಮದಿಂದ ಬರೆಯಲ್ಪಟ್ಟಿರುವುದರಿಂದಲೇ ಸಾಲಕ್ಕೂ ಬರಪರಿಹಾರಕ್ಕೂ ಆಧಾರವು ದೊರೆಯುತ್ತದೆ. ಆದರೆ ಅದೇ ಹೊಲಗಳಲ್ಲಿ ಬೀಳುವ ಪ್ಲಾಸ್ಟಿಕ್ಕಿಗೆ ಪಹಣಿಯಂತಹ ಲೆಕ್ಕವಿಲ್ಲ.

ಪ್ಲಾಸ್ಟಿಕ್ ಕಸವು ಕೇವಲ ಪಟ್ಟಣದ್ದೆಂಬ ಭಾವನೆಯು ತಪ್ಪು. ಪಾತಿಗಳಿಗೆ ಹಾಸುವ ಹೊದಿಕೆಹಾಳೆ, ಹನಿ ನೀರಾವರಿಯ ಹಳೆಯ ಕೊಳವೆ, ಗೊಬ್ಬರದ ಚೀಲ, ಕೀಟನಾಶಕದ ಸೀಸೆ, ಇವು ವ್ಯವಸಾಯದಿಂದಲೇ ಉಂಟಾಗತಕ್ಕವು. ಬದುವಿನಲ್ಲಿ ಬಿಟ್ಟರೆ ಚೂರುಚೂರಾಗಿ ಮಣ್ಣಿನಲ್ಲಿ ಬೆರೆಯುತ್ತವೆ. ಸುಟ್ಟರೆ ವಿಷದ ಹೊಗೆಯಾಗುತ್ತವೆ. ದನಗಳು ತಿಂದರೆ ಹೊಟ್ಟೆಯಲ್ಲಿ ಗಂಟು ಕಟ್ಟುತ್ತವೆ.

ಈ ಕಸವು ಎಲ್ಲೆಕಲ್ಲುಗಳನ್ನು ಗಮನಿಸುವುದೂ ಇಲ್ಲ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯು ಕೊರಟಗೆರೆ, ಮಧುಗಿರಿ ಸೀಮೆಗಳನ್ನು ಹಾದು ಆಂಧ್ರದಲ್ಲಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಪಾವಗಡದ ಸುತ್ತಲೂ ಬಹುಭಾಗ ಆಂಧ್ರದ ನೆಲವೇ ಇದೆ. ಒಂದು ಊರಿನ ಹಳ್ಳದಲ್ಲಿ ಎಸೆದದ್ದು ಮಳೆಗಾಲದಲ್ಲಿ ಇನ್ನೊಂದು ರಾಜ್ಯದ ಪಾಲಾಗುತ್ತದೆ. ಆದಕಾರಣ ಇದರ ಲೆಕ್ಕವು ದೇಶಕ್ಕೆಲ್ಲಾ ಒಂದೇ ಮಾದರಿಯಲ್ಲಿರುವುದು ಅವಶ್ಯಕ.

ಈಗಿರುವ ಲೆಕ್ಕವು ಎಷ್ಟು ಅಪೂರ್ಣವೆಂಬುದಕ್ಕೆ ಎರಡು ಅಂಕಿಗಳು ಸಾಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020-21ನೆಯ ಸಾಲಿನಲ್ಲಿ ದೇಶದ ಒಟ್ಟು ಪ್ಲಾಸ್ಟಿಕ್ ಕಸವು ಸುಮಾರು 41 ಲಕ್ಷ ಟನ್ನೆಂದು ತಿಳಿಸಿತು. ಲೀಡ್ಸ್ ವಿಶ್ವವಿದ್ಯಾಲಯದ ವಿದ್ವಾಂಸರಾದರೋ, ಸುಡಲ್ಪಟ್ಟು ಅಥವಾ ಚೆಲ್ಲಲ್ಪಟ್ಟು ನೆಲ, ಜಲ, ಗಾಳಿಗಳನ್ನು ಕೆಡಿಸುವ ಭಾಗವೇ ವರ್ಷಕ್ಕೆ 93 ಲಕ್ಷ ಟನ್ನೆಂದು 2024ರಲ್ಲಿ ಅಂದಾಜು ಮಾಡಿದರು. ಸರ್ಕಾರಿ ಲೆಕ್ಕದಲ್ಲಿ ಗ್ರಾಮಾಂತರ ಪ್ರದೇಶವೂ, ಬಯಲಿನಲ್ಲಿ ಸುಡುವ ಕಸವೂ, ಗುಜರಿಯವರು ಆಯ್ದದ್ದೂ ಸೇರಿಲ್ಲವೆಂಬುದು ಅವರು ಕೊಟ್ಟ ಕಾರಣ.

ಪ್ಲಾಸ್ಟಿಕ್ ಹೊದಿಕೆಗಳನ್ನು ಮಾರುಕಟ್ಟೆಗೆ ತರುವವರೇ ಅವುಗಳ ವಿಲೇವಾರಿಗೆ ಹೊಣೆಯೆಂದು 2022ರಲ್ಲಿ ಕೇಂದ್ರ ಸರ್ಕಾರವು ವಿಧಿಸಿ, ಅದರ ಲೆಕ್ಕಕ್ಕಾಗಿ ಒಂದು ಜಾಲತಾಣವೂ ಏರ್ಪಟ್ಟಿತು. ಆದರೆ 2023ರಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯಗಳ ಮರುಬಳಕೆ ಕಾರ್ಖಾನೆಗಳ ತನಿಖೆಯಾದಾಗ ಸುಮಾರು 6 ಲಕ್ಷ ಖೋಟಾ ಪ್ರಮಾಣಪತ್ರಗಳು ಸಿಕ್ಕಿದವು. ತಳದಲ್ಲಿ ತಕ್ಕಡಿಯಿಲ್ಲದೆ ಮೇಲೆ ಬರೆದ ಲೆಕ್ಕವು ಅಡಿಪಾಯವಿಲ್ಲದ ಗೋಡೆಯಂತೆ.

ಪಂಚಾಯಿತಿಗಳಿಗೆ ಇದೊಂದು ಹೆಚ್ಚಿನ ಹೊರೆಯಲ್ಲವೇ ಎಂದು ಕೆಲವರು ಕೇಳಬಹುದು. ಆದರೆ 2016ರ ನಿಯಮಗಳೇ ಪ್ಲಾಸ್ಟಿಕ್ ಕಸದ ಹೊಣೆಯನ್ನು ಗ್ರಾಮ ಪಂಚಾಯಿತಿಗಳಿಗೂ ವಹಿಸಿವೆ. ಹಳ್ಳಿಯ ಕಸವು ಲೆಕ್ಕಕ್ಕೆ ಬಾರದಿದ್ದರೆ ಅದರ ಖರ್ಚನ್ನು ತಯಾರಕರಿಂದ ಕೇಳಲು ಆಧಾರವೇ ಇರುವುದಿಲ್ಲ. ಹೊರೆಯೆಲ್ಲಾ ರೈತನ ಮೇಲೆಯೇ ಉಳಿಯುತ್ತದೆ.

ಮಾಡತಕ್ಕ ಕೆಲಸವು ದೊಡ್ಡದಲ್ಲ. ಪ್ರತಿ ತಿಂಗಳೂ ಊರಿನ ಹಾಳೆ, ಕೊಳವೆ, ಚೀಲಗಳನ್ನು ಬೇರೆ ಬೇರೆಯಾಗಿ ತೂಗಿಸಿ ಕಿಲೋಗ್ರಾಮಿನಲ್ಲಿ ಬರೆಯಿಸತಕ್ಕದ್ದು. ಕೀಟನಾಶಕದ ಸೀಸೆಗಳನ್ನು ಮೂರು ಸಲ ತೊಳೆದು, ಇತರ ಕಸಕ್ಕೆ ಸೇರಿಸದೆ, ಬೇರೆಯೇ ಎಣಿಸತಕ್ಕದ್ದು. ಬರೆದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದಿ ಹೇಳತಕ್ಕದ್ದು. ನೆರೆಹೊರೆಯವರು ಕೇಳುವ ಲೆಕ್ಕದಲ್ಲಿ ಸುಳ್ಳು ನಿಲ್ಲುವುದು ಕಷ್ಟ. ನಾಲ್ಕು ತಾಲ್ಲೂಕುಗಳೂ ಒಂದೇ ನಮೂನೆಯನ್ನು ಅನುಸರಿಸಿದರೆ ದೇಶದ ಲೆಕ್ಕಕ್ಕೆ ಅದೇ ಬುನಾದಿಯಾಗಬಲ್ಲುದು. ಹನಿಗೂಡಿದರೆ ಹಳ್ಳವೆಂಬ ಗಾದೆಯು ಕಸಕ್ಕೆ ಹೇಗೋ ಲೆಕ್ಕಕ್ಕೂ ಹಾಗೆಯೇ ಸಲ್ಲುತ್ತದೆ.