ಸಹಿಗೆ ಮುಂಚಿನ ಓದು

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆಯಂಗಡಿಯ ಎದುರಿಗೇ ಬಟ್ಟೆಯಂಗಡಿ. ಜ್ಯುವೆಲ್ಲರ್ಸ್ ಸ್ಟ್ರೀಟಿಗೆ ಹೊರಳಿದರೆ ಒಡವೆಯಂಗಡಿಯ ಮಗ್ಗುಲಿಗೇ ಒಡವೆಯಂಗಡಿ. ಇಂಥ ಬೀದಿಯಲ್ಲಿ ಪಳಗಿದ ಸೇಲ್ಸ್‌ಮನ್ನೋ ಕಟಿಂಗ್ ಮಾಸ್ಟರೋ ನಾಲ್ಕು ಕಾಸು ಹೆಚ್ಚು ಸಿಕ್ಕರೆ ನಾಲ್ಕು ಹೆಜ್ಜೆ ಆಚೆಯ ಅಂಗಡಿಗೆ ಹೋಗಿಬಿಡಬಹುದು. ಅವನ ಕೈಗುಣಕ್ಕೆ ಒಗ್ಗಿಹೋದ ಗಿರಾಕಿಗಳೂ ಅವನ ಹಿಂದೆಯೇ ಹೋದಾರು. ಕೆಲಸ ಕಲಿಸಿದ ಮಾಲೀಕನ ಸಂಕಟ ಸುಳ್ಳಲ್ಲ. ಅದೇ ಸಂಕಟವನ್ನು ಇಂದಿನ ಕಂಪನಿಗಳು ಆಫರ್ ಲೆಟರಿನ ಷರತ್ತಾಗಿ ಬರೆಸುತ್ತವೆ: ಕೆಲಸ ಬಿಟ್ಟ ಮೇಲೆ ಒಂದು ವರ್ಷ ಪ್ರತಿಸ್ಪರ್ಧಿ ಸಂಸ್ಥೆಗೆ ಸೇರಕೂಡದು.

ನಮ್ಮ ಕಾನೂನು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎದುರಿಸಿದ್ದೂ ಇಂಥದೇ ಅಂಗಡಿ ಸಾಲಿನಿಂದ. 1874ರಲ್ಲಿ ಕಲ್ಕತ್ತಾ ಹೈಕೋರ್ಟಿಗೆ ಹಿತ್ತಾಳೆ ವ್ಯಾಪಾರಿಗಳಿಬ್ಬರ ವ್ಯಾಜ್ಯ ಬಂತು. ಈ ಪೇಟೆಯಲ್ಲಿ ನೀನು ಅಂಗಡಿ ಮುಚ್ಚು, ನಿನ್ನ ಕೆಲಸಗಾರರಿಗೆ ಕೊಟ್ಟಿರುವ ಮುಂಗಡ 900 ರೂಪಾಯಿಯನ್ನು ನಾನು ತುಂಬಿಕೊಡುತ್ತೇನೆ ಎಂದು ಒಬ್ಬ ಇನ್ನೊಬ್ಬನಿಗೆ ಮಾತು ಕೊಟ್ಟಿದ್ದ. ಅಂಗಡಿ ಮುಚ್ಚಿತು, ಹಣ ಬರಲಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ, ಯಾರನ್ನೇ ಆಗಲಿ ಅವರ ಕಸುಬು ಮಾಡದಂತೆ ತಡೆಯುವ ಒಪ್ಪಂದ ಆ ಮಟ್ಟಿಗೆ ಅಸಿಂಧು. ಹಾಗಾಗಿ ಹಣ ಕೇಳುವಂತಿಲ್ಲ ಎಂದಿತು ಕೋರ್ಟು. ತಡೆ ಒಂದೇ ಪೇಟೆಗೆ ಸೀಮಿತ ಎಂಬ ವಾದವೂ ನಿಲ್ಲಲಿಲ್ಲ. ಇಂಗ್ಲೆಂಡಿನಲ್ಲಿ ನಿರ್ಬಂಧ ನ್ಯಾಯವಾದ ಮಿತಿಯೊಳಗಿದೆಯೇ ಎಂದು ಅಳೆಯುತ್ತಾರೆ. ನಮ್ಮ ಕಲಮಿನಲ್ಲಿ ಆ ಅಳತೆಗೇ ಜಾಗವಿಲ್ಲ. ಅಂಗಡಿಯನ್ನು ಅದರ ಹೆಸರಿನ ಸಮೇತ ಮಾರಿದವನಿಗೆ ಮಾತ್ರ ಕಾಯ್ದೆಯಲ್ಲೇ ಬೇರೆ ಲೆಕ್ಕ.

ಹೀಗಾಗಿ ಓದಿದ ಕೂಡಲೇ ಎದೆ ಝಲ್ಲೆನಿಸುವ 'ಎದುರಾಳಿ ಕಂಪನಿಗೆ ಸೇರಕೂಡದು' ಎಂಬ ಷರತ್ತೇ ಕೆಲಸ ಬಿಟ್ಟ ಮೇಲೆ ಬಹುಮಟ್ಟಿಗೆ ನಿಶ್ಶಕ್ತ. ಹಳೆಯ ಕಂಪನಿಯ ಗುಟ್ಟುಗಳನ್ನು, ಗಿರಾಕಿಗಳ ಪಟ್ಟಿಯನ್ನು ಹೊತ್ತೊಯ್ಯುವಂತಿಲ್ಲ, ಅದು ಬೇರೆ ಮಾತು. ನಮ್ಮ ಹುಡುಗ ಹುಡುಗಿಯರು ನಿಜವಾಗಿ ಹೆದರಬೇಕಾದದ್ದು ಸೌಮ್ಯವಾಗಿ ಕಾಣುವ ಸಾಲುಗಳಿಗೆ: ಇಷ್ಟು ವರ್ಷ ದುಡಿಯಬೇಕು, ಇಲ್ಲವಾದರೆ ಇಷ್ಟು ಹಣ ಕಟ್ಟಬೇಕು.

ಇದಕ್ಕೆ ಸಾಕ್ಷಿ ಕಮರ್ಷಿಯಲ್ ಸ್ಟ್ರೀಟಿಗೆ ಹತ್ತಿರದಲ್ಲೇ ಇದೆ. ಎಂ.ಜಿ. ರಸ್ತೆಯ ಟ್ರಿನಿಟಿ ಸರ್ಕಲ್ ಬಳಿ ಪ್ರಧಾನ ಕಚೇರಿ ಹೊಂದಿದ್ದ ವಿಜಯಾ ಬ್ಯಾಂಕ್ 2006ರಲ್ಲಿ ಅಧಿಕಾರಿಗಳ ನೇಮಕಕ್ಕೆ ಪ್ರಕಟಣೆ ಹೊರಡಿಸಿತು. ಆಯ್ಕೆಯಾದವರು ಕನಿಷ್ಠ 3 ವರ್ಷ ಇರಬೇಕು, ನಡುವೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಎಂದು ಬಾಂಡ್ ಬರೆಸಿಕೊಂಡಿತು. 2007ರಲ್ಲಿ ಸೇರಿದ ಒಬ್ಬ ಸೀನಿಯರ್ ಮ್ಯಾನೇಜರ್ 2009ರಲ್ಲೇ ಬೇರೆ ಬ್ಯಾಂಕಿಗೆ ಹೊರಟರು. ಆಕ್ಷೇಪ ದಾಖಲಿಸಿಯೇ 2 ಲಕ್ಷ ಕಟ್ಟಿ, ಆಮೇಲೆ ಕರ್ನಾಟಕ ಹೈಕೋರ್ಟಿಗೆ ಹೋಗಿ ಗೆದ್ದರು. ಬ್ಯಾಂಕ್ ಮೇಲ್ಮನವಿ ಹಾಕಿತು. 2019ರಲ್ಲಿ ವಿಜಯಾ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು, ವ್ಯಾಜ್ಯ ಮಾತ್ರ ಉಳಿದಿತ್ತು. 2025ರ ಮೇ 14ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಪಿ.ಎಸ್. ನರಸಿಂಹ ಮತ್ತು ಜಾಯ್‌ಮಾಲ್ಯ ಬಾಗ್ಚಿ ಬ್ಯಾಂಕಿನ ಪರ ತೀರ್ಪಿತ್ತರು. ಆ ಷರತ್ತು ಮುಂದಿನ ಕಸುಬಿಗೆ ಅಡ್ಡ ಬರುವುದಿಲ್ಲ, ಸೇವೆಯ ಅವಧಿಗೆ ಮಾತ್ರ ಅನ್ವಯಿಸುತ್ತದೆ. ಸಾರ್ವಜನಿಕ ಬ್ಯಾಂಕು ಬಹಿರಂಗ ಸ್ಪರ್ಧೆಯ ಮೂಲಕವೇ ಮತ್ತೆ ನೇಮಕ ಮಾಡಬೇಕು, ಅದಕ್ಕೆ ಖರ್ಚಿದೆ. ಅಧಿಕಾರಿಯ ಸಂಬಳಕ್ಕೆ ಹೋಲಿಸಿದರೆ ಮೊತ್ತ ವಿಪರೀತವೂ ಅಲ್ಲ.

ಈ ತೀರ್ಪನ್ನು ಹಿಡಿದುಕೊಂಡು ಪ್ರತಿಯೊಂದು ಖಾಸಗಿ ಕಂಪನಿಯೂ ಬಾಯಿಗೆ ಬಂದ ಮೊತ್ತ ವಸೂಲಿ ಮಾಡಬಹುದು ಎಂದು ನಾನು ಒಪ್ಪುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಮಿನಂತೆ ಕರಾರಿನಲ್ಲಿ ಬರೆದ ಮೊತ್ತ ಮೇಲ್ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರವಷ್ಟೇ ಸಿಗಬೇಕು. ತರಬೇತಿಯನ್ನೇ ಕೊಡದೆ ತರಬೇತಿಯ ಬಾಂಡ್ ಬರೆಸಿಕೊಂಡವರು ಯಾವ ಖರ್ಚು ತೋರಿಸುತ್ತಾರೆ? ಆದರೆ ಆ ಪ್ರಶ್ನೆ ಕೋರ್ಟಿನಲ್ಲಿ ಕೇಳಬೇಕಾದದ್ದು. ಮೊದಲ ಸಂಬಳ ಎಣಿಸುತ್ತಿರುವ ಹುಡುಗಿಗೆ ವಕೀಲರ ಫೀಸು ಎಲ್ಲಿಂದ ಬರಬೇಕು? ಆ ಬ್ಯಾಂಕ್ ಅಧಿಕಾರಿ ಹಣ ಕಟ್ಟಿದ ದಿನದಿಂದ ಕೊನೆಯ ತೀರ್ಪಿಗೆ 15 ವರ್ಷ ದಾಟಿತ್ತು.

ಸಹಿಗೆ ಮುಂಚೆ ಒಂದು ಸಂಜೆ ಬಿಡುವು ಮಾಡಿಕೊಂಡು ಓದಬೇಕೆಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ನೋಟಿಸ್ ಪೀರಿಯಡ್ ನೀವು ಬಿಟ್ಟರೆ 90 ದಿನ, ಅವರು ತೆಗೆದರೆ 30 ದಿನ ಎಂದಿದೆಯೇ? ಹಣ ಕಟ್ಟಿ ಬೇಗ ಹೊರಡುವ ಅವಕಾಶ ನಿಮ್ಮದೋ, ಕಂಪನಿಯ ಮರ್ಜಿಯೋ? ಕಟ್ಟಬೇಕಾದದ್ದು ಬೇಸಿಕ್ ಲೆಕ್ಕದಲ್ಲೋ, ಪೂರ್ತಿ ಸಂಬಳದ ಲೆಕ್ಕದಲ್ಲೋ? ಸೇರುವಾಗ ಕೊಟ್ಟ ಬೋನಸ್ಸನ್ನು ಯಾವಾಗ ಹಿಂದಿರುಗಿಸಬೇಕು? 'ಕಾಲಕಾಲಕ್ಕೆ ಬದಲಾಗುವ ಕಂಪನಿ ನಿಯಮಗಳಿಗೆ ಬದ್ಧ' ಎಂದು ಬರೆದಿದ್ದರೆ, ಆ ನಿಯಮಗಳ ಪ್ರತಿಯನ್ನು ಎಚ್‌ಆರ್‌ನವರಿಂದ ಇ-ಮೇಲಿನಲ್ಲೇ ತರಿಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಇರುವುದಿಲ್ಲ. ಬೀದಿಯ ಅಂಗಡಿಯಲ್ಲಿ ದುಡಿಯುವವರಿಗೂ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹುದ್ದೆ, ಸಂಬಳ, ಷರತ್ತುಗಳನ್ನು ನಮೂದಿಸಿದ ನೇಮಕಾತಿ ಪತ್ರದ ಹಕ್ಕು ಕೊಟ್ಟಿದೆ. ಸೇರಿದ 30 ದಿನಗಳೊಳಗೆ ಅದು ಕೈಗೆ ಬರಬೇಕು.

ಮೂಲ ಅಂಕಪಟ್ಟಿಯನ್ನು ಮಾತ್ರ ಯಾರ ಕಪಾಟಿನಲ್ಲೂ ಇಟ್ಟು ಬರಬೇಡಿ. ಪರಿಶೀಲನೆಗೆ ತೋರಿಸಿ, ಜೆರಾಕ್ಸ್ ಕೊಟ್ಟು, ಮೂಲವನ್ನು ಅಂದೇ ಮನೆಗೆ ತನ್ನಿ.