ಹಬ್ಬದ ಎತ್ತಿಗೆ ಸುಗ್ಗ್ಯಾಗೇ ಮೇವು ನೋಡಿಟ್ಕೋಬೇಕು

ಅಕ್ಕಾರ, ತಂಗ್ಯಾರ, ಕಾರಹುಣ್ಣಿವಿಗೆ ರಾಯಚೂರಾಗ ಮುನ್ನೂರುಕಾಪು ಸಮಾಜದವರು ಮಾಡೋ ಮುಂಗಾರು ಹಬ್ಬ ನೀವೆಲ್ಲಾರೂ ನೋಡೀರಿ. ಟನ್‌ಗಟ್ಟಲೆ ಭಾರದ ಕಲ್ಲು ಎಳಿಯೋ ಎತ್ತಿನ ಮೈಮಿಂಚು ನೋಡಿ, ‘ಏನು ತಿನ್ನಸ್ತೀರಿ?’ ಅಂತ ಕೇಳಿದ್ರ ಗಂಡಸ್ರು ಶೇಂಗಾ ಹಿಂಡಿ, ಹುಳ್ಳಿ, ಹತ್ತಿಕಾಳು ಅಂತ ಹೇಳ್ತಾರ. ಗ್ವಾದ್ಲಿಗೆ ದಿನಾ ಹಾಕೋ ಜ್ವಾಳದ ಸೊಪ್ಪಿ ಹೆಸರು ಯಾರೂ ಎತ್ತಂಗಿಲ್ಲ. ನನ್ನ ಕೇಳಿದ್ರ, ಎತ್ತು ನಿಲ್ಲೋದು ಆ ಸೊಪ್ಪಿ ಮ್ಯಾಲೇ.

ಎತ್ತು ಮೆಲುಕು ಹಾಕೋ ಜೀವ. 400 ಕೆಜಿ ತೂಕದ ಎತ್ತಿಗೆ ದಿನಕ್ಕ 8ರಿಂದ 10 ಕೆಜಿ ಒಣ ಮೇವಿನಷ್ಟು ಆಹಾರ ಬೇಕು. ಅದರಾಗ ಮೂರರಾಗ ಎರಡು ಪಾಲು ಹುಲ್ಲು-ಸೊಪ್ಪೀನೇ ಇರಬೇಕು. ಹಬ್ಬ ಹತ್ರ ಬಂತಂತ ಒಮ್ಮೆಲೇ ಬುಟ್ಟಿಗಟ್ಟಲೆ ಕಾಳು ಇಟ್ರ ಹೊಟ್ಟ್ಯಾಗ ಹುಳಿ ಏಳತೈತಿ, ಮೆಲುಕು ನಿಲ್ಲತೈತಿ, ಹೆಂಡಿ ನೀರಾಗತೈತಿ, ಜೀವಕ್ಕೂ ಬರಬಹುದು. ಕಾಳು, ಹಿಂಡಿ ಏರಿಸೋದಿದ್ರ 10-15 ದಿನ ಹಿಡಿದು ಸ್ವಲ್ಪ ಸ್ವಲ್ಪ ಏರಿಸಬೇಕು.

ಅದಕ್ಕ ಮೇವು ಆರಿಸೋದು ಸುಗ್ಗಿ ಕೆಲಸ. ಹಿಂಗಾರಿ ಬಿಳಿಜ್ವಾಳದ ಸೊಪ್ಪಿ, ಅದರಾಗೂ ಮಾಲದಂಡಿದು, ದನಕ್ಕ ಬಾಳ ರುಚಿ. ಕೊಳ್ಳೋ ಮುಂದ ಸೂಡು ಬಿಚ್ಚಿಸಿ ನೋಡ್ರಿ. ಎಲಿ ದಂಟಿಗೆ ಹತ್ತಿರಬೇಕು, ಬಣ್ಣದಾಗ ತುಸು ಹಸರು ಉಳಿದಿರಬೇಕು. ಮಳಿಗೆ ಸಿಕ್ಕು ಕರ್ರಗಾಗಿದ್ರ, ಜಾಡಿಸಿದಾಗ ಬೂಸ್ಟಿನ ವಾಸನಿ, ಬಿಳಿ ಧೂಳು ಬಂದ್ರ ಅಗ್ಗಕ್ಕ ಕೊಟ್ರೂ ಬ್ಯಾಡ. ಜ್ವಾಳ ಕೊಯ್ದ ಕೂಳಿ ಚಿಗುರಿರತೈತಲ್ಲ, ಆ ಎಳೇ ಕುಡಿ ಮೇಯಾಕ ಬಿಡಬ್ಯಾಡ್ರಿ. ಅದರಾಗ ವಿಷ ಇರತೈತಿ. ಒಳ್ಳೇ ಸೊಪ್ಪಿ ಸಿಕ್ರ ಕತ್ತರಿಸಿ ಹಾಕ್ರಿ, ದಂಟು ಕಾಲಾಗ ತುಳಿದು ಹಾಳಾಗಂಗಿಲ್ಲ.

ಈಗಿನ ತ್ರಾಸು ಏನಂದ್ರ ಸೊಪ್ಪೀನೇ ಕಮ್ಮಿ ಆಗೇತಿ. ಮಾನ್ವಿ ಕಡೆ ತುಂಗಭದ್ರಾ ಎಡದಂಡಿ ಕಾಲುವಿ ಬಂದ ಮ್ಯಾಲೆ ನೆಲ್ಲು ಹೆಚ್ಚಾತು. ದೇವದುರ್ಗ ಕಡೆ ನಾರಾಯಣಪುರ ಬಲದಂಡಿ ನೀರಿಗೆ ನೆಲ್ಲು, ಉಳಿದ ಹೊಲಕ್ಕ ಹತ್ತಿ. ಹತ್ತಿ ಕಟಗಿ ಒಲಿಗೆ ಬರತೈತಿ, ಗ್ವಾದ್ಲಿಗೆ ಬರಂಗಿಲ್ಲ. ನೆಲ್ಲುಹುಲ್ಲಿನಾಗ ಸಿಲಿಕಾ ಜಾಸ್ತಿ, ಸತ್ವ ಕಮ್ಮಿ. ಅದೊಂದೇ ಹಾಕಿದ್ರ ಹೊಟ್ಟಿ ತುಂಬತೈತಿ, ಮೈ ತುಂಬಂಗಿಲ್ಲ. ಬ್ಯಾರೆ ದಾರಿ ಇಲ್ಲದವರು ಅದರ ಜೋಡಿ ಶೇಂಗಾ ಹೊಟ್ಟು, ತೊಗರಿ ಹೊಟ್ಟು ಕಲಿಸಿ ಹಾಕಬೇಕು. ಉಪ್ಪು ಮರೀಬಾರ್ದು.

‘ಜ್ವಾಳದಾಗ ಹತ್ತಿಯಷ್ಟು ರೊಕ್ಕ ಎಲ್ಲೈತಿ?’ ಅಂತ ಮನಿಯಾಗ ಕೇಳ್ತಾರ. ಬರೇ ಕಾಳಿನ ರೇಟು ಹಿಡಿದ್ರ ಇಲ್ಲ ಖರೇ. ಬ್ಯಾಸಿಗಿಯಾಗ ಕೊಂಡು ತರೋ ಮೇವಿನ ರೊಕ್ಕ, ಅಂಗಡಿಯಿಂದ ತರೋ ರೊಟ್ಟಿ ಜ್ವಾಳದ ರೊಕ್ಕ ಅದರಾಗ ಕೂಡಿಸಿ ಲೆಕ್ಕ ಮಾಡ್ರಿ ಅಂತ ನಾವು ಹೇಳಬೇಕು. ಒಂದೇ ಹೊಲ ನಮಗ ರೊಟ್ಟಿ, ಎತ್ತಿಗೆ ಸೊಪ್ಪಿ ಎರಡೂ ಕೊಡತೈತಿ.

ಕೊಟ್ಟಿಗಿ ಕಸ ಬಳಿಯೋರು, ಮೇವು ಹಾಕೋರು, ನೀರು ಕುಡಿಸೋರು ಬಾಳ ಮನ್ಯಾಗ ನಾವೇ. ಬಿತ್ತೋ ಮಾತು ಬಂದಾಗ ಮಾತ್ರ ಅಡಗಿಮನ್ಯಾಗ ಇರ್ತೀವಿ. ಈ ಸಲ ಹಿಂಗಾರಿ ಬಿತ್ತಿಗಿ ಮುಂದ ನಾವೂ ಕುಂತು ಮಾತಾಡೋಣ. ಎತ್ತು ಕಟ್ಟಿದ ಮನಿಯವರು ಒಂದು ಎಕರೆನಾದ್ರೂ ಜ್ವಾಳ ಬಿತ್ತಲಿ.